ಕಣ್ಣು ತೆರೆದ ಕಾಗದದ ಗೊಂಬೆ

ನಿನ್ನೆ ಬೆಳಗಾವಿಯ ಪುಸ್ತಕದಂಗಡಿಯಲ್ಲಿ ಹೊಸ ರಟ್ಟಿನ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಖಾನಾಪುರದ ನಮ್ಮ ಹಳೆಯ ಪಡಸಾಲೆಯಲ್ಲಿದ್ದೆ.

ನಾನು ಚಿಕ್ಕವಳಿದ್ದಾಗ ಸೋದರತ್ತೆ ನನಗೊಂದು ಜಪಾನಿ ಗೊಂಬೆಗಳ ಪುಸ್ತಕ ತಂದುಕೊಟ್ಟಿದ್ದರು. ಪುಟದ ಮಡಿಕೆ ಎತ್ತಿದರೆ ಗೊಂಬೆಯ ಕಿಮೋನೊ ನಿಲುವಂಗಿ ಪದರು ಪದರಾಗಿ ಬಿಚ್ಚಿಕೊಳ್ಳುತ್ತಿತ್ತು. ಅಂಚಿನ ಕಾಗದದ ಪಟ್ಟಿ ಎಳೆದರೆ ಆ ಬಿಳೀ ಮುಖದಲ್ಲಿ ಕಣ್ಣು ತೆರೆಯುತ್ತಿದ್ದವು, ಒಳಗೆ ತಳ್ಳಿದರೆ ಮುಚ್ಚುತ್ತಿದ್ದವು. ನಾನು ಜೋರಾಗಿ ಎಳೆದೆ. ಪಟ್ಟಿ ಕಿತ್ತು ಕೈಗೆ ಬಂತು. ಕಣ್ಣು ತೆರೆದೇ ಉಳಿದವು.

ಆಷಾಢದ ಮಂಗಳವಾರವದು. ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಪಕ್ಕದಲ್ಲೇ ಕೂತು, ಆ ದಿನದ ಪೂಜೆಗೆ ಮಾಡಿದ ಮಣ್ಣಿನ ಗೊಂಬೆ ಗುಳ್ಳವ್ವನ ಮುಖಕ್ಕೆ ಕಣ್ಣಾಗಿ ಗುಳಗಂಜಿ ಬೀಜ ಒತ್ತುತ್ತಿದ್ದಳು.

“ಕಣ್ಣ ಇಟ್ಟ ಮ್ಯಾಲೆ ಆಕೀಗೆ ಜೀವ ಬರ್ತೈತಿ. ಉಣ್ಣಾಕ ಕೊಟ್ಟು ಊರ ಹೊರಗ ಕಳಸಬೇಕು. ಮನ್ಯಾಗ ಇಟ್ಕೋಬಾರದು.”

“ಉಣ್ಣಾಕ ಕೊಡ್ಲಿಲ್ಲಂದ್ರ?”

“ಹಸದಾಕಿ ಸುಮ್ಮನ ಕುಂದರ್ತಾಳೇನು?”

ಪಟ್ಟಿ ಹರಿದದ್ದನ್ನು ಹೇಳಿದರೆ ಅವ್ವನ ಹೊಡೆತ, ಹೇಳದಿದ್ದರೆ ಕಣ್ಣು ತೆರೆದು ಕೂತ ಈ ಕಾಗದದ ಗೊಂಬೆ. ಸಂಜೆ ಯಾರೂ ಇಲ್ಲದಾಗ ಅದರ ಪುಟ್ಟ ಕೆಂಪು ಬಾಯಿಗೆ ಬೆಲ್ಲ ಸವರಿ, ಪುಸ್ತಕ ಮುಚ್ಚಿ, ಮೇಲೆ ಒರಳುಕಲ್ಲಿನ ಗುಂಡು ಇಟ್ಟೆ.

ಬೆಳಿಗ್ಗೆ ತೆರೆದು ನೋಡಿದರೆ ಬಾಯಿ ಅಲುಗಾಡುತ್ತಿತ್ತು. ಅವು ಇರುವೆಗಳೆಂದು ತಿಳಿಯುವಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಿಲ್ಲ.

ನಿನ್ನೆ ಅಂಗಡಿಯಲ್ಲಿ ಮಗಳು ಅಂಥದೇ ಪುಸ್ತಕ ಹಿಡಿದು ಪಟ್ಟಿ ಎಳೆದಳು.

“ಮಮ್ಮಿ, ಇದನ್ನ ಮನೀಗೆ ಒಯ್ಯೂಣು.”

“ಒಯ್ಯೂಣು,” ಎಂದೆ. “ಮೊದಲ ಅದರ ಕಣ್ಣ ಮುಚ್ಚು.”