ಅತ್ತೆಯ ದನಿ ಅಳಿಸಿದ ಮಧ್ಯಾಹ್ನ

ಹೋದ ಮಂಗಳವಾರ ಮಧ್ಯಾಹ್ನ ಹೊನವಾಡದ ಮನೆಯ ಪಡಸಾಲೆಯಲ್ಲಿ ಕೂತು, ಒಂದು ಗುಂಡಿ ಒತ್ತಿ, ನಾನು ನಮ್ಮ ಅತ್ತೆಯ ದನಿಯನ್ನು ಅಳಿಸಿಬಿಟ್ಟೆ.

ಆ ಹೊತ್ತಿಗೆ ನಾನು ನಂಬಿದ್ದು ಹಾಗೇ. ಅತ್ತೆ ಅಲ್ಲೇ ಮಂಚದ ಮೇಲೆ ಕೂತಿದ್ದರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಲೆ ಎತ್ತಿ ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಒಂದು ಲ್ಯಾಪ್‌ಟಾಪಿನ ಕತೆಗೆ ಇಷ್ಟು ಭಯವೇ ಅಂತ ನಗಬೇಡಿ. ಮೊದಲಿನಿಂದ ಹೇಳುತ್ತೇನೆ. ಆಮೇಲೂ ನಗು ಬಂದರೆ ನಕ್ಕುಬಿಡಿ.

ನಮ್ಮ ಅತ್ತೆ ಹಾಡುವವರು. ಬೀಸುವ ಪದ, ಸೋಬಾನ, ಜೋಗುಳ ಎಲ್ಲವೂ ಅವರಿಗೆ ಬಾಯಿಪಾಠ. ಟಿಕೋಟಾ, ಬಬಲೇಶ್ವರ ಕಡೆಯ ನಮ್ಮ ಬೀಗರ ಮನೆಗಳಲ್ಲಿ ಅವರು ಬಂದು ದನಿ ಎತ್ತುವ ತನಕ ಮದುಮಗಳಿಗೆ ಅರಿಶಿಣ ಹಚ್ಚುತ್ತಿರಲಿಲ್ಲ. ಇದೆಲ್ಲ ಹೋದ ವರ್ಷದವರೆಗೆ. ದ್ರಾಕ್ಷಿ ಕಟಾವಿನ ಗಡಿಬಿಡಿಯಲ್ಲಿ ಒಂದು ದಿನ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ನಡೆಯಲು ಕೋಲು ಬೇಕಾಯಿತು, ಅದರ ಜೊತೆಗೆ ಮಾತೂ ಹೋಯಿತು. ಬಾಯಿ ತೆರೆದರೆ ಬರೀ ದನಿ, ಅದರಲ್ಲಿ ಅರ್ಥವಾಗುವ ಶಬ್ದವಿಲ್ಲ.

ಆಗ ವಿಜಯಪುರದ ಡಾಕ್ಟರು ಒಂದು ವಿಚಿತ್ರ ಮಾತು ಹೇಳಿದರು. ಮಿದುಳಿನಲ್ಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆಯಂತೆ. ಮಾತು ಹೋದವರೂ ಕೆಲವೊಮ್ಮೆ ಹಾಡಬಲ್ಲರಂತೆ. ಅವರಿಗೆ ಗೊತ್ತಿರುವ ಹಾಡು ದಿನಾ ಕೇಳಿಸಿ ಅಂದರು. ನಮ್ಮ ಪುಣ್ಯ, ಅತ್ತೆಯ ಮೊಮ್ಮಗಳು ವಿದ್ಯಾ ಅವರ ಹಾಡುಗಳನ್ನೆಲ್ಲ ಮೊದಲೇ ತನ್ನ ಸಣ್ಣ ಲ್ಯಾಪ್‌ಟಾಪಿಗೆ ತುಂಬಿಸಿಟ್ಟಿದ್ದಳು. ದಿನಾ ಮುಂಜಾನೆ ಚಹಾ ಆದ ಮೇಲೆ ಅದನ್ನು ಹಚ್ಚತೊಡಗಿದರು. ಅತ್ತೆ ತಮ್ಮ ದನಿಯನ್ನೇ ತಾವು ಕೇಳುತ್ತ ಕೂತರು. ಮೊದಮೊದಲು ಬರೀ ಅಳು. ಆಮೇಲೊಂದು ದಿನ ಹಾಡಿನ ಜೊತೆಗೇ ಒಂದು ಶಬ್ದ ಬಂತು. ಮುಂದೆ ಅರ್ಧ ಸಾಲು, ಒಂದು ಸಾಲು. ಲ್ಯಾಪ್‌ಟಾಪು ನಿಲ್ಲಿಸಿದರೆ ಶಬ್ದವೂ ನಿಲ್ಲುತ್ತಿತ್ತು. ಆದರೆ ಅಷ್ಟಾದರೂ ಬರುತ್ತಿತ್ತಲ್ಲ!

ಈಗ ತಿಳಿಯಿತೇ, ನಾನು ಏನನ್ನು ಅಳಿಸಿದೆ ಅಂತ?

ಆ ಲ್ಯಾಪ್‌ಟಾಪಾದರೂ ಎಂಥದ್ದು? ರೊಟ್ಟಿ ತಟ್ಟುವ ಹಲಗೆಗಿಂತ ಚಿಕ್ಕದು. ಲಾಕ್‌ಡೌನಿನಲ್ಲಿ ಸಾಲಿ ಮನೆಯೊಳಗೇ ನಡೆಯುತ್ತಿದ್ದ ದಿನಗಳಲ್ಲಿ ಕಡಿಮೆಗೆ ಸಿಗುತ್ತದೆ ಅಂತ ತಂದದ್ದು. ಅದರ ಹೊಟ್ಟೆ ಸಣ್ಣದು, ಅದರೊಳಗಿನ ಸಿಸ್ಟಂ ಮಾತ್ರ ವರ್ಷಾ ವರ್ಷಾ ದಪ್ಪಗಾಗುತ್ತ ಹೋಯಿತು. ಕೊನೆಗೆ ಹೋದ ವಾರ ಉಸಿರಾಡಲೂ ಜಾಗ ಸಾಲದೆ, ಪರದೆಯ ಮೇಲೆ ಒಂದು ಚಕ್ರ ತಿರುಗಿಸುತ್ತ ಕೂತುಬಿಟ್ಟಿತು. ರಿಪೇರಿಯವರು ಹೊಸದು ತಗೊಳ್ಳಿ ಅಂದರು. ಅತ್ತೆ ಹಾಡು ಬಿಟ್ಟರು. ಊಟವನ್ನೂ ಅರ್ಧ ಬಿಟ್ಟರು.

ಅಲ್ಲಿ ನಾನು ಪ್ರವೇಶಿಸಿದೆ. (ಪ್ರವೇಶಿಸದಿದ್ದರೆ ಚೆನ್ನಾಗಿತ್ತು.) ನನ್ನ ಹಳೆಯ ಕಂಪ್ಯೂಟರಿಗೆ ಹಳೆಯ ಸಿಸ್ಟಂ ತೆಗೆದು ನಾನೇ ಲಿನಕ್ಸ್ ಅನ್ನುವ ಪುಕ್ಕಟೆ ಸಿಸ್ಟಂ ಹಾಕಿದ ಸಾಹಸವನ್ನು ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ? ನೀವೂ ಭೇಷ್ ಅಂದಿದ್ದಿರಿ. ಅದು ತಲೆಗೇರಿತ್ತು. ಹೊನವಾಡದಲ್ಲಿ ಅತ್ತೆಯನ್ನು ನೋಡಿಕೊಳ್ಳುವವಳು ವಿದ್ಯಾಳ ತಾಯಿ, ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಸುಮಿತ್ರಾ. ಭಾನುವಾರ ಫೋನ್ ಮಾಡಿದಳು. ರೊಟ್ಟಿ ಬಡಿಯುತ್ತಿದ್ದಳು, ಕೈಗೆ ಹಿಟ್ಟು, ಹಾಗಾಗಿ ಫೋನು ಸ್ಪೀಕರಿನಲ್ಲಿ. ನಾನು ವಿಜಯಪುರದ ಸಿದ್ಧೇಶ್ವರ ಗುಡಿ ಹಿಂದಿನ ನಮ್ಮ ಮನೆಯಿಂದಲೇ ಘೋಷಣೆ ಹೊರಡಿಸಿದೆ. ಚಿಂತೆ ಮಾಡಬೇಡ, ಲಿನಕ್ಸ್ ಬಲು ಹಗುರ, ಅದರೊಳಗಿದ್ದದ್ದನ್ನೆಲ್ಲ ಅಳಿಸಿ ಹೊಸದು ಹಾಕಿಬಿಡ್ತೀನಿ, ಕುದುರೆ ಓಡಿದ ಹಾಗೆ ಓಡುತ್ತದೆ ಅಂದೆ.

ಮಂಗಳವಾರ ಪರ್ಸಿನಲ್ಲಿ ಎರಡು ಪೆನ್‌ಡ್ರೈವ್ ಇಟ್ಟುಕೊಂಡು ಬಸ್ಸು ಹತ್ತಿದೆ. ಟಿಕೋಟಾ ದಾಟುವವರೆಗೂ ಧೈರ್ಯ ಇತ್ತು. ಮನೆ ಹೊಸ್ತಿಲಲ್ಲೇ ಸುಮಿತ್ರಾ ಮೆಲ್ಲಗೆ ಕೇಳಿದಳು. ಹಾಡು ಹೋಗುವುದಿಲ್ಲವಲ್ಲ ಅಂತ. ಮೊದಲು ಹಾಡು ತೆಗೆದಿಟ್ಟೇ ಮುಂದಿನದು ಅಂದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆ ನನ್ನನ್ನೇ ನೋಡುತ್ತಿರುವುದು ಕಂಡಿತು.

ಕೆಲಸ ಶುರುವಾಯಿತು. ಪೆನ್‌ಡ್ರೈವಿನಿಂದ ಲಿನಕ್ಸನ್ನು ಬರೀ ಓಡಿಸಿ ನೋಡುವ ಒಂದು ದಾರಿಯಿದೆ, ಏನನ್ನೂ ಅಳಿಸದೆ. ಆದರೆ ಅದಕ್ಕೆ ಯಂತ್ರ ಒಪ್ಪಬೇಕಲ್ಲ? ಈ ಕೀ ಒತ್ತಿದೆ, ಆ ಕೀ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸುರಿದವು, ನಿಂತವು, ಮತ್ತೆ ಸುರಿದವು. ಟಚ್‌ಪ್ಯಾಡು ಸತ್ತಿತ್ತು. ವೈಫೈ ಕಾಣಲಿಲ್ಲ. ಅಂತೂ ಒಂದು ಹೊತ್ತಿಗೆ ಪರದೆ ಬೆಳಗಿತು. ಹಳೆಯ ಡಿಸ್ಕು ತೆರೆದು ನೋಡಿದರೆ ‘ಅಜ್ಜಿ ಹಾಡು’ ಅನ್ನುವ ಫೋಲ್ಡರು. ಒಳಗೆ ಸಾಲಾಗಿ ಹಾಡಿನ ಹೆಸರುಗಳು. ಹೋದ ಜೀವ ಬಂತು. ಎಲ್ಲವನ್ನೂ ಎರಡನೆಯ ಪೆನ್‌ಡ್ರೈವಿಗೆ ಇಳಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಇಳಿದೂ ಬಿಟ್ಟವು.

(ಅಷ್ಟೊಂದು ಹಾಡು ಅಷ್ಟು ಬೇಗ ಇಳಿಯುತ್ತವಾ? ಆ ಪ್ರಶ್ನೆ ನಿಮಗೆ ಹೊಳೆಯಿತು. ನನಗೆ ಹೊಳೆಯಲಿಲ್ಲ.)

ಇನ್‌ಸ್ಟಾಲ್ ಒತ್ತಿದೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಬೇಕೇ ಅಂತ ಯಂತ್ರ ಕೇಳಿತು. ಒಮ್ಮೆ ಅಳಿಸಿದರೆ ವಾಪಸ್ ಬರುವುದಿಲ್ಲ ಅಂತ ಕೆಂಪಕ್ಷರದಲ್ಲಿ ಹೆದರಿಸಿತು. ನನ್ನ ಬೆರಳು ಅಲ್ಲೇ ನಿಂತಿತು.

ಆಗಲೇ ಅತ್ತೆ ನನ್ನ ಸೆರಗು ಹಿಡಿದು ಎಳೆದರು. ಎಡಗೈ ಎತ್ತಿ ದೇವರ ಜಗಲಿಯ ಕಡೆ ತೋರಿಸಿದರು. ಬಾಯಿಂದ ಏನೋ ದನಿ. ನಾನು ಸುಮಿತ್ರಾಳ ಮುಖ ನೋಡಿದೆ.

“ದೇವ್ರಿಗಿ ಕೈಮುಗದು ಚಾಲೂ ಮಾಡ್ರಿ ಅನ್ನಾಕತ್ತಾರ, ಅಕ್ಕಾ,” ಅಂದಳು ಅವಳು.

ಅದು ಸರಿಯೇ ಅನ್ನಿಸಿತು. ಈ ಮನೆಯಲ್ಲಿ ಹೊಸ ಕುಕ್ಕರು ಕೂಡ ವಿಭೂತಿ ಹಚ್ಚಿಸಿಕೊಳ್ಳದೆ ಒಲೆ ಹತ್ತಿದ್ದಿಲ್ಲ. ದ್ರಾಕ್ಷಿ ಬಳ್ಳಿ ಸವರುವ ಚಾಟನಿಗೆ ಕತ್ತರಿ ಹಿಡಿಯುವ ಮೊದಲೂ ಅತ್ತೆ ಹೀಗೇ ಜಗಲಿ ತೋರಿಸುತ್ತಿದ್ದವರು. ನಾವಿಬ್ಬರೂ ಎದ್ದು ಕೈಮುಗಿದೆವು. ಲ್ಯಾಪ್‌ಟಾಪಿನ ಹಣೆಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗಿದೆವು. ಅತ್ತೆ ಮಂಚವನ್ನು ಎಡಗೈಯಿಂದ ಪಟಪಟ ಬಡಿದರು. ಮತ್ತೆ ಜಗಲಿ ತೋರಿಸಿದರು. ಕಾಯಿ ಒಡೆಯಬೇಕಂತೆ ಅಂದಳು ಸುಮಿತ್ರಾ. ಕಾಯಿಯನ್ನೂ ಒಡೆದೆವು! ಅತ್ತೆ ಮುಖ ಆ ಕಡೆ ತಿರುಗಿಸಿದರು. ಸಮಾಧಾನವಾಯಿತು ಅಂದುಕೊಂಡು ನಾನು ಗುಂಡಿ ಒತ್ತಿದೆ.

ಒಂದು ಪಟ್ಟಿ ಮೆಲ್ಲಗೆ ತುಂಬುತ್ತ ಹೋಯಿತು. ಮುಗಿಯಿತು. ರೀಸ್ಟಾರ್ಟ್ ಮಾಡಿದೆ. ಪರದೆ ಕಪ್ಪು. ಇದರಲ್ಲಿ ಶುರುವಾಗುವಂಥದ್ದು ಏನೂ ಇಲ್ಲ ಅಂತ ಒಂದೇ ಸಾಲು.

ಫೋನಿನಲ್ಲಿ ಹುಡುಕಿದೆ. ಸಣ್ಣ ಲ್ಯಾಪ್‌ಟಾಪುಗಳಿಗೆ ಇದೊಂದು ಚಾಳಿಯಂತೆ. ಹೊಸ ಸಿಸ್ಟಂ ಒಳಗೇ ಕೂತಿರುತ್ತದೆ, ಯಂತ್ರಕ್ಕೆ ಅದು ಕಾಣುವುದಿಲ್ಲ. ಸೆಟಪ್ಪಿಗೆ ಹೋಗಿ ಅದರ ಫೈಲನ್ನು ನಾವೇ ಆರಿಸಿ ಕೊಡಬೇಕು. ಆರಿಸಿದೆ. ಲಿನಕ್ಸ್ ಬಂತು, ಕುದುರೆಯ ಹಾಗೇ ಬಂತು. ಸುಮಿತ್ರಾ ಚಹಾ ತಂದಳು. ನಾನು ದೊಡ್ಡ ಸರ್ಜನ್ನರ ಗತ್ತಿನಲ್ಲಿ ಪೆನ್‌ಡ್ರೈವ್ ಚುಚ್ಚಿ, ಮೊದಲ ಹಾಡಿನ ಮೇಲೆ ಒತ್ತಿದೆ.

ಸದ್ದಿಲ್ಲ. ಎರಡನೆಯದು ಒತ್ತಿದೆ. ಇಲ್ಲ. ಕೊನೆಯದು. ಇಲ್ಲ.

ಆಮೇಲೆ ನೋಡಿದೆ, ಒಂದೊಂದು ಫೈಲೂ ಅಂಗೈಯಗಲದ ಚೀಟಿಯಷ್ಟು ಸಣ್ಣದು. ಅವು ಹಾಡುಗಳೇ ಅಲ್ಲ. ಶಾರ್ಟ್‌ಕಟ್ಟುಗಳು. ಹಾಡು ಎಲ್ಲಿದೆ ಅಂತ ಹೇಳುವ ವಿಳಾಸಗಳು ಮಾತ್ರ. ನಾನು ವಿಳಾಸಗಳನ್ನು ಜೋಪಾನ ಮಾಡಿ ಮನೆಯನ್ನೇ ಕೆಡವಿದ್ದೆ.

ಹಾಡು ಎಲ್ಲಿಟ್ಟಿದ್ದಳು ವಿದ್ಯಾ ಅಂತ ಕೇಳಿದೆ. ‘ಡಿ’ ಡ್ರೈವಿನೊಳಗೆ ಅಂತಿದ್ದಳು ಅಂದಳು ಸುಮಿತ್ರಾ. ಯಾವ ಡಿ? ನಾನು ನೋಡಿದಾಗ ಇದ್ದದ್ದು ಒಂದೇ ಡಿಸ್ಕು. ಅದನ್ನು ಅಳಿಸಿ, ಅದರ ಮೇಲೆ ಹೊಸದನ್ನು ಬರೆದು, ಮೇಲೊಂದು ಕಾಯಿ ಬೇರೆ ಒಡೆದಾಗಿತ್ತು. ವಿದ್ಯಾ ಬಬಲೇಶ್ವರದ ಕಾಲೇಜಿನಲ್ಲಿ, ಸಂಜೆವರೆಗೆ ಅವಳ ಫೋನು ಹಾಸ್ಟೆಲಿನ ಕಪಾಟಿನಲ್ಲಿ. ಅಳಿಸಿದ್ದನ್ನು ಮರಳಿ ಪಡೆಯುವುದು ಹೇಗೆ ಅಂತ ಹುಡುಕಿದೆ. ಮೇಲೆ ಬೇರೆ ಬರೆದಿದ್ದರೆ ಆಸೆ ಬಿಡಿ ಅಂತ ಎಲ್ಲ ಕಡೆ ಅದೇ ಮಾತು.

ಸುಮಿತ್ರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಡಿಗೆಮನೆ ಬಾಗಿಲಿಗೆ ಒರಗಿ, ಅತ್ತೆಗೆ ಕೇಳಿಸದಂತೆ ಕೇಳಿದಳು.

“ನಾಳಿ ಮುಂಜಾನಿ ಚಾ ಕುಡದು ಅತ್ತಿ ದಾರಿ ಕಾಯ್ತಾರ. ಏನ್ ಹೇಳೂಣು, ಅಕ್ಕಾ?”

ಹೆದರಿಕೆ ಅಂದರೆ ಏನು ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ರಸ್ತೆ ದಾಟುವಾಗ, ಆಸ್ಪತ್ರೆಯಲ್ಲಿ, ರಿಪೋರ್ಟಿನ ಲಕೋಟೆ ಬಿಚ್ಚುವಾಗ ಹೆದರಿದ್ದೇನೆ. ಇದು ಬೇರೆ. ಇನ್ನೊಬ್ಬರ ಬಾಯಿಗೆ ಬರುತ್ತಿದ್ದ ನಾಲ್ಕು ಶಬ್ದವನ್ನು ನಾನು ಕಿತ್ತುಕೊಂಡಿದ್ದೆ. ನಾಳೆ ಅವರು ಬಾಯಿ ತೆರೆದು, ಜೊತೆಗೆ ಹಾಡು ಬಾರದೆ, ಹಾಗೇ ಮುಚ್ಚುವುದನ್ನು ಈ ಕಣ್ಣಿಂದ ನೋಡಬೇಕು.

ನಮಗೆಲ್ಲ ಎಂಥ ಬುದ್ಧಿ ನೋಡಿ. ಒಂದು ಭರಣಿ ಕೆಟ್ಟರೆ ಇನ್ನೊಂದಿರಲಿ ಅಂತ ಉಪ್ಪಿನಕಾಯಿಯನ್ನು ಎರಡು ಭರಣಿಗೆ ತುಂಬುತ್ತೇವೆ. ಬಿತ್ತನೆ ಜೋಳವನ್ನು ಎರಡು ಕಡೆ ಕಟ್ಟಿಡುತ್ತೇವೆ. ಕಪಾಟಿಗೆ ಎರಡು ಕೀಲಿ, ಒಂದು ಗಂಡನ ಹತ್ತಿರ, ಒಂದು ಸೊಂಟದಲ್ಲಿ. ಮನುಷ್ಯರ ದನಿ ಮಾತ್ರ ಒಂದೇ ಕಡೆ. ಅದೂ ರೊಟ್ಟಿಹಲಗೆಯಂಥ ಒಂದು ಲ್ಯಾಪ್‌ಟಾಪಿನಲ್ಲಿ. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ಫೋನಿನಲ್ಲಿರುವ ನಿಮ್ಮ ಅಪ್ಪನ ದನಿ ಇನ್ನೆಲ್ಲಾದರೂ ಇದೆಯೇ?

ಅತ್ತೆ ಮತ್ತೆ ನನ್ನ ಸೆರಗು ಎಳೆಯುತ್ತಿದ್ದರು. ನೀರು ಬೇಕೇನೋ ಅಂತ ಸುಮಿತ್ರಾ ಲೋಟ ಹಿಡಿದಳು, ದೂಡಿದರು. ದಿಂಬು ಸರಿ ಮಾಡಿದಳು, ಅದನ್ನೂ ದೂಡಿದರು. ಇನ್ನು ಮುಚ್ಚಿಟ್ಟು ಫಲವಿಲ್ಲ ಅಂತ ನಾನು ಅವರ ಕಾಲ ಬಳಿ ಕೂತೆ. ಹಾಡು ಅಳಿಸಿಬಿಟ್ಟೆ ಅಂತ ಹೇಳಿದೆ. ಅತ್ತೆ ಅಳಲಿಲ್ಲ. ಅವರ ಎಡಗೈ ನನ್ನ ಮುಂಗೈಯನ್ನು ಹಿಡಿಯಿತು, ನೋವಾಗುವಷ್ಟು ಗಟ್ಟಿಯಾಗಿ. ಕೋಲನ್ನೂ ಕೇಳದೆ, ನನ್ನ ಮೇಲೇ ಭಾರ ಹಾಕಿ ಎದ್ದರು. ಕಾಲೆಳೆಯುತ್ತ ನನ್ನನ್ನು ಜಗಲಿಯ ಮುಂದೆ ತಂದು ನಿಲ್ಲಿಸಿದರು.

ಜಗಲಿಯ ಮೇಲೆ ಹಾಸಿದ್ದ ಖಣದ ಬಟ್ಟೆಯ ತುದಿಯನ್ನು ಎತ್ತಿದರು. ಕೆಳಗೆ, ಉಗುರಿನಗಲದ ಒಂದು ಕರಿ ಮೆಮೊರಿ ಕಾರ್ಡು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಡನ್ನು ಲ್ಯಾಪ್‌ಟಾಪಿನ ಅಂಚಿನ ಸೀಳಿಗೆ ತೂರಿಸಿದೆ. ಹಾಡುಗಳು ಅಷ್ಟೂ ಇದ್ದವು. ಒಂದನ್ನು ಹಚ್ಚಿದೆ. ಬೀಸುವ ಪದ. ಪೆಟ್ಟಿಗೆಯೊಳಗಿನ ಗಟ್ಟಿ ದನಿಯ ಹಿಂದೆ ಮಂಚದ ಮೇಲಿನ ತೊದಲು ದನಿ ಒಂದು ಸಾಲಿನಷ್ಟು ನಡೆಯಿತು. ಸುಮಿತ್ರಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲಿಂದ ಹೊರಡುವ ಮೊದಲು ಹಾಡುಗಳನ್ನು ಎಲ್ಲರ ಫೋನಿಗೂ, ಎರಡೂ ಪೆನ್‌ಡ್ರೈವಿಗೂ ಹಾಕಿದೆ. ಸಂಜೆ ವಿದ್ಯಾ ಫೋನಿಗೆ ಸಿಕ್ಕಳು. ಜಾಗ ಸಾಲದಾದಾಗ ಹಾಡನ್ನೆಲ್ಲ ಕಾರ್ಡಿಗೆ ಹಾಕಿದ್ದಳಂತೆ. ಆ ಕಾರ್ಡೇ ‘ಡಿ’. ನಿನ್ನ ಹಾಡೆಲ್ಲ ಈ ಉಗುರಿನಷ್ಟರಲ್ಲಿ ಇದಾವ ನೋಡು ಅಂತ ಅಜ್ಜಿಗೆ ಒಮ್ಮೆ ತೆಗೆದು ತೋರಿಸಿದ್ದಳಂತೆ.

ಭಾನುವಾರ ಸ್ಪೀಕರಿನಲ್ಲಿ ನಾನು ‘ಎಲ್ಲ ಅಳಿಸಿಬಿಡ್ತೀನಿ’ ಅಂದದ್ದನ್ನು ಆ ಮನೆಯಲ್ಲಿ ಸರಿಯಾಗಿ ಕೇಳಿಸಿಕೊಂಡವರು ಒಬ್ಬರೇ. ಕೇಳಿಸಿಕೊಂಡು, ಒಂದೇ ಕೈಯಿಂದ ಕಾರ್ಡು ಕಿತ್ತು, ಮನೆಯಲ್ಲಿ ಯಾರೂ ಕೈಯಿಡದ ಜಾಗದಲ್ಲಿ ಬಚ್ಚಿಟ್ಟಿದ್ದರು. ಮಂಗಳವಾರ ಅದನ್ನು ನಮಗೆ ಹೇಳುತ್ತಲೂ ಇದ್ದರು. ಮತ್ತೆ ಮತ್ತೆ ಹೇಳಿದರು. ನಾವು ಊದಿನಕಡ್ಡಿ ಹಚ್ಚಿದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಗುರಾಗಬೇಕಿತ್ತು ನಾನು. ಆಗಲಿಲ್ಲ. ಹೆದರಿಕೆ ತೊರವಿ ದಾಟಿದರೂ ಇಳಿಯಲಿಲ್ಲ, ಇದನ್ನು ಬರೆಯುವಾಗಲೂ ಇಳಿದಿಲ್ಲ. ದೀಪಾವಳಿಯಲ್ಲಿ ಅತ್ತೆ ಇಡೀ ಮಧ್ಯಾಹ್ನ ಹಿತ್ತಲ ಬಾಗಿಲು ತೋರಿಸುತ್ತಿದ್ದರು. ಗಾಳಿ ಬೇಕೇನೋ ಅಂತ ಬಾಗಿಲು ತೆರೆದಿಟ್ಟೆವು. ಹೋದ ತಿಂಗಳು ನನ್ನ ಗಂಡನ ಎದೆ ಮುಟ್ಟಿ ಮುಟ್ಟಿ ಏನೋ ಅಂದರು. ಮಗನ ಮೇಲೆ ಪ್ರೀತಿ ಅಂತ ಎಲ್ಲರೂ ನಕ್ಕು ಫೋಟೊ ತೆಗೆದೆವು.

ಅವತ್ತು ಅವರು ಏನು ಹೇಳುತ್ತಿದ್ದರು?