ಬಾಲದಕ್ಕ ನೋಡಿದ ಹನಿ

ನಮ್ಮ ಹೋರಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಬಾಲದಕ್ಕ ಎಂದೇ ಕರೆಯುತ್ತಿದ್ದರು. ಹೋರಿಗಳ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವುದು ಹಸುಗಳಿಗೆ ಲಾಯಕ್ಕು, ಯಾವುದು ಚರಂಡಿಗೆ ಎಂದು ತೀರ್ಮಾನಿಸುವುದು ಅವಳ ಕೆಲಸ. ತರಬೇತಿಗೆ ಬಂದವರಿಗೆ ಮೊದಲ ದಿನವೇ ಹೇಳುತ್ತಿದ್ದಳು: “ಮೊದಲು ಬಾಲ ನೋಡಿ. ಬಾಲ ಆಡದಿದ್ರೆ ತಲೆ ಎಷ್ಟು ಚೆನ್ನಾಗಿದ್ರೂ ಅದು ಎಲ್ಲಿಗೂ ಹೋಗಲ್ಲ.” ಹೆಸರು ಅಂಟಿಕೊಂಡಿತು. ಅವಳಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ.

ನಾನು ಪಕ್ಕದ ಕೋಣೆಯವಳು. ಅವಳು ಪಾಸು ಮಾಡಿದ ವೀರ್ಯಕ್ಕೆ ಮೊಟ್ಟೆಯ ಹಳದಿ ಬೆರೆತ ದ್ರವ ಸೇರಿಸಿ, ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿಗಳಿಗೆ ತುಂಬಿ, ಹೆಪ್ಪುಗಟ್ಟಲೆಂದು ದ್ರವ ಸಾರಜನಕದ ಟ್ಯಾಂಕಿನೊಳಗೆ ಇಳಿಸುವುದು ನನ್ನ ಪಾಲಿಗೆ ಬಂದದ್ದು. ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಗೋಡೆಯಲ್ಲೊಂದು ಪುಟ್ಟ ಕಿಟಕಿ. ಮಾದರಿಯ ಟ್ಯೂಬು ಬರುತ್ತಿದ್ದದ್ದು ಅದರಿಂದಲೇ. ಅವಳ ಊಟದ ಡಬ್ಬಿ, ಮನೆಯ ಸುದ್ದಿ, ಗೊಣಗಾಟ ಎಲ್ಲವೂ ಅದರಿಂದಲೇ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಬರೆಯುವಾಗಲೂ ಇದೆ, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಅಕ್ಕ ಓದಿದ್ದು ಹೆಚ್ಚಲ್ಲ, ಆದರೆ ಕೆಲಸ ಅರೆದು ಕುಡಿದಿದ್ದಳು. ಬಿರುಬೇಸಿಗೆ ಕಳೆದು ಎರಡು ತಿಂಗಳಿಗೆ ಹೋರಿಗಳ ಮಾದರಿ ಸಪ್ಪೆಯಾದರೆ ಉಳಿದವರು ಮೇವನ್ನು ಬೈಯುತ್ತಿದ್ದರು. ಅವಳು ನಗುತ್ತಿದ್ದಳು. “ಒಂದು ವೀರ್ಯಾಣು ತಯಾರಾಗೋಕೆ ಎರಡು ತಿಂಗಳು ಬೇಕು ಕಣೇ. ಇವತ್ತು ನೋಡ್ತಿರೋದು ಅವತ್ತಿನ ಸೆಕೆ. ಬೀಜ ಮೈಯಿಂದ ಹೊರಗೆ ಜೋತಾಡೋದೇ ತಂಪಾಗಿರಲಿ ಅಂತ.” ಗೋಡೆಯ ಮೇಲೆ ಅವಳೇ ಬರೆದ ಚಿತ್ರಪಟವಿತ್ತು. ಇಲಿಯ ವೀರ್ಯಾಣುವಿಗೆ ಕೊಕ್ಕೆಯಂಥ ತಲೆ, ಹೋರಿಯದಕ್ಕೆ ಅಗಲವಾದ ಚಪ್ಪಟೆ ತಲೆ, ಮನುಷ್ಯನದಕ್ಕೆ ಸಣ್ಣ ಮೊಟ್ಟೆಯಾಕಾರ.

ಒಮ್ಮೆ ಸರದಾರ ಎಂಬ ಹೋರಿ ಬಂದಿತ್ತು. ಏನು ಠೀವಿ, ಏನು ಗುಟುರು. ಬೆದೆಗೆ ಬಂದ ಹಸುವಿನ ವಾಸನೆ ಸಿಕ್ಕರೆ ಕಟ್ಟಿದ ಹಗ್ಗ ಕಿತ್ತುಕೊಳ್ಳುವಷ್ಟು ಆವೇಶ. ಮಾದರಿ ತೆಗೆದರೆ ಬರೀ ನೀರು, ಒಂದು ಬಾಲವೂ ಇಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದಕ್ಕೆ ಅಕ್ಕ ವಿವರಿಸಿದಳು: “ಗುಟುರು ಹಾಕಿಸೋದು ಹಾರ್ಮೋನು. ಅದನ್ನ ಸುರಿಸೋ ಕಣಗಳು ಬೇರೆ, ವೀರ್ಯಾಣು ಹೆರೋ ಕೊಳವೆಗಳು ಬೇರೆ. ಕೊಳವೆ ಹಾಳಾದ್ರೂ ಗತ್ತು ಹಾಗೇ ಇರುತ್ತೆ.” ಸರದಾರ ಒಂದೇ ತಿಂಗಳಲ್ಲಿ ಕೇಂದ್ರದಿಂದ ಹೊರಗೆ ಹೋದ.

ಸಾರಜನಕದ ವ್ಯಾನು ಓಡಿಸುತ್ತಿದ್ದವನೇ ಅವಳ ಗಂಡ. ನಾನು ಭಾವ ಎಂದು ಕರೆಯುತ್ತಿದ್ದೆ, ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಅದು ಬಾಯಿಗೆ ಬರುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಎರಡನೇ ವರ್ಷದಲ್ಲಿ ಅವನು ಯಾವುದೋ ಲ್ಯಾಬಿನಿಂದ ತನ್ನ ವೀರ್ಯ ಪರೀಕ್ಷೆಯ ವರದಿ ತಂದಿದ್ದ. ಎಲ್ಲ ಸರಿ ಎಂದು ಬರೆದಿತ್ತು. ಆಮೇಲೆ ನೋಡಿದ ಡಾಕ್ಟರುಗಳೆಲ್ಲ ಆ ಕಾಗದದ ಮೇಲೆ ಕಣ್ಣಾಡಿಸಿ ಅಕ್ಕನ ಕಡೆ ತಿರುಗುತ್ತಿದ್ದರು.

ಅಲ್ಲಿಂದ ಏಳು ವರ್ಷ ಅವಳ ಮೈ ಅವಳದಾಗಿ ಉಳಿಯಲಿಲ್ಲ. ಮೊಟ್ಟೆ ಬಲಿಯಲಿ ಎಂದು ಹೊಟ್ಟೆಗೆ ಚುಚ್ಚುಮದ್ದು, ಬಲಿತದ್ದು ಬಿಡುಗಡೆಯಾಗಲಿ ಎಂದು ಇನ್ನೊಂದು, ಗರ್ಭಕೋಶದ ಒಳಪದರ ನಿಲ್ಲಲಿ ಎಂದು ಮಾತ್ರೆ. ಮುಖ ಊದಿಕೊಳ್ಳುತ್ತಿತ್ತು, ಕೂದಲು ಕೈಗೆ ಬರುತ್ತಿತ್ತು. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಕೆಂಪು ಸುತ್ತು, ಹದಿನಾಲ್ಕನೇ ದಿನಕ್ಕೆ ಹಸಿರು ಸುತ್ತು. “ಹಸು ಎಷ್ಟೋ ವಾಸಿ,” ಎನ್ನುತ್ತಿದ್ದಳು. “ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬಂದಾಗ ಕೂಗಿ ಊರಿಗೇ ಹೇಳುತ್ತೆ. ನಮ್ಮದು ಒಳಗೊಳಗೇ ನಡೆದು ಮುಗಿದುಹೋಗುತ್ತೆ.” ತಿಂಗಳಿಗೊಮ್ಮೆ ಕೆಂಪು ಸುತ್ತು ಹಾಕಿದ ದಿನ ಅವಳು ಡಬ್ಬಿ ತೆರೆಯುತ್ತಿರಲಿಲ್ಲ. ಅತ್ತೆ ಎಲ್ಲರ ಮುಂದೆ ನಿಟ್ಟುಸಿರು ಬಿಡುತ್ತಿದ್ದರಂತೆ.

ತಮಾಷೆ ನೋಡಿ. ಹಸು ಗಬ್ಬ ನಿಲ್ಲದಿದ್ದರೆ ಮೊದಲು ನಮ್ಮ ಕಡ್ಡಿಯನ್ನು ನೋಡಿ, ಆಮೇಲೆ ಹಸುವಿನ ಮೇಲೆ ಕೈ ಹಾಕಿ ಎಂದು ನೂರಾರು ಜನಕ್ಕೆ ಕಲಿಸಿದವಳು ತನ್ನ ಮನೆಯಲ್ಲಿ ಒಂದು ಕಾಗದವನ್ನು ಕಣ್ಣುಮುಚ್ಚಿ ನಂಬಿದ್ದಳು.

ಕಡೆಗೆ ಹೊಸ ಡಾಕ್ಟರಮ್ಮ ಒಬ್ಬರು ಸಿಕ್ಕರು. ಅಂಡಾಶಯಕ್ಕೆ ಏನಾಗಿದೆ ಎಂದು ಆಪರೇಷನ್ ಮಾಡಿಯೇ ನೋಡಬೇಕು ಎಂದು ಗುರುವಾರಕ್ಕೆ ನಿಗದಿ ಮಾಡಿದರು. ಜೊತೆಗೆ ಹೇಳಿದರು: “ಏಳು ವರ್ಷದ ಹಿಂದಿನ ಕಾಗದ ನನಗೆ ಬೇಡ. ಸೋಮವಾರ ನಿಮ್ಮ ಯಜಮಾನರ ಹೊಸ ಮಾದರಿ ತನ್ನಿ. ಅದನ್ನ ನೋಡದೆ ನಾನು ನಿಮ್ಮ ಹೊಟ್ಟೆಗೆ ಕತ್ತರಿ ಹಾಕಲ್ಲ.” ಆಸ್ಪತ್ರೆಯಲ್ಲಿ ಕೊಡುವುದಕ್ಕೆ ತನಗೆ ನಾಚಿಕೆ ಎಂದ ಗಂಡ. ಒಂದು ಗಂಟೆಯೊಳಗೆ ಮೈಬಿಸಿಯಲ್ಲಿಟ್ಟು ತಂದರೆ ಆದೀತು ಎಂದರು ಡಾಕ್ಟರಮ್ಮ.

ಶನಿವಾರ ಸಂಜೆ ಅವನು ನನ್ನ ಕೋಣೆಗೆ ಬಂದ. “ಮಾವನ ಹಸು ಬೆದೆಗೆ ಬಂದಿದೆ ಕಣಮ್ಮ, ಒಂದು ಕಡ್ಡಿ ಕೊಡ್ತೀಯಾ?” ಅಕ್ಕನ ತಂದೆ ದರ್ಜಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದವರು. ಅಲ್ಲಿ ಹಸುವನ್ನು ಕಟ್ಟುವುದೆಲ್ಲಿ? ಸೋದರಮಾವ ಇರಬೇಕೆಂದುಕೊಂಡೆ. ಒಂದು ಹಿಡಿಯದಿದ್ದರೆ ಇನ್ನೊಂದಿರಲಿ ಎಂದು ಎರಡು ಕೊಟ್ಟೆ. ಅವನು ವ್ಯಾನಿನಲ್ಲಿದ್ದ ಸಾರಜನಕದ ಸಣ್ಣ ಜಾಡಿಯಲ್ಲಿಟ್ಟುಕೊಂಡು ಹೋದ.

ಸೋಮವಾರ ಬೆಳಿಗ್ಗೆ ಅಕ್ಕ ಕಂಕುಳಲ್ಲಿ ಪುಟ್ಟ ಶೀಷೆ ಅವುಚಿಕೊಂಡು ಬಂದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ನಮ್ಮ ಕೇಂದ್ರ. “ಒಂದೇ ಒಂದು ಹನಿ ನೋಡ್ಕೊಂಡು ಹೋಗ್ತೀನಿ. ನಮ್ಮವರ ಬಾಲ ಹೇಗಿದೆ ಅಂತ,” ಎಂದು ಕಿಟಕಿಯಲ್ಲಿ ಕಣ್ಣು ಮಿಟುಕಿಸಿದಳು. ಅಷ್ಟು ಹಗುರವಾಗಿ ಅವಳನ್ನು ನೋಡಿ ವರ್ಷಗಳಾಗಿದ್ದವು.

ಆಮೇಲೆ ಕರೆದಳು: “ಬಾ ಇಲ್ಲಿ. ಗಾಜಿನಪಟ್ಟಿ ಸರಿಯಾಗಿ ತೊಳೆದಿಲ್ವೇನೋ ಅಂತ ಮೂರು ಸಲ ಹೊಸದು ತಗೊಂಡೆ. ನೀನೊಮ್ಮೆ ನೋಡು.”

ಕಣ್ಣಿಟ್ಟೆ. ಅಗಲವಾದ ಚಪ್ಪಟೆ ತಲೆಗಳು, ಎಲ್ಲವೂ ಒಂದೇ ಅಳತೆ. ಅರ್ಧದಷ್ಟು ಇನ್ನೂ ಮುಂದೆ ಮುಂದೆ ಓಡುತ್ತಿದ್ದವು. ನಡುನಡುವೆ ಹಳದಿಯ ಸಣ್ಣ ಕಾಳು. ಆ ಕಾಳು ನನಗೆ ಗೊತ್ತಿಲ್ಲದೆ ಏನು, ದಿನಾ ಬೆಳಿಗ್ಗೆ ಆ ಮೊಟ್ಟೆಗಳನ್ನು ಒಡೆಯುವವಳು ನಾನೇ.

“ತಣ್ಣೀರಲ್ಲೇ ಸ್ನಾನ ಮಾಡೋ ನಮ್ಮವರು ಇವತ್ತು ಒಂದು ಚೊಂಬು ಬಿಸಿನೀರು ಕೇಳಿದ್ರು,” ಎಂದಳು ಅಕ್ಕ ನಿಧಾನವಾಗಿ. ಕಡ್ಡಿಯನ್ನು ಕರಗಿಸುವುದು ಬಿಸಿನೀರಿನಲ್ಲೇ. “ವ್ಯಾನಿಂದ ಕದ್ದಿದ್ದಾರೆ, ಅಲ್ವಾ?”

ನಾನೇ ಕೊಟ್ಟೆ ಎನ್ನಬೇಕಿತ್ತು. “ಹೂಂ, ಇರಬೇಕು,” ಎಂದೆ.

ಅವಳು ಆಸ್ಪತ್ರೆಗೆ ಹೋಗಲಿಲ್ಲ. ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು. ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಗಂಡ ಮಂಚದ ಅಂಚಿನಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ. ಅಕ್ಕ ಶೀಷೆಯನ್ನು ಮೇಜಿನ ಮೇಲಿಟ್ಟಳು.

“ಇದು ಯಾರದ್ದು?”

“ಯಾರದ್ದು ಅಂದ್ರೆ? ನಂದೇ.”

“ನಾಲ್ಕು ಕಾಲಿನೋರದ್ದು.”

ಅವನ ಕೈ ಬೂಟಿನ ದಾರದ ಮೇಲೆ ಹಾಗೇ ನಿಂತಿತು. ಅತ್ತೆ ಬಟ್ಟೆ ಕೆಳಗಿಟ್ಟರು. “ಅವನನ್ನೇನು ಕೇಳ್ತೀಯಾ, ನನ್ನ ಕೇಳು. ಹದಿನಾರು ವರ್ಷಕ್ಕೆ ಮಂಗನಬಾವು ಬಂದಿತ್ತು. ಕೆನ್ನೆ ಇಳೀತು, ಕೆಳಗೆ ಬೀಜ ಊದಿಕೊಳ್ತು. ಇವನಿಗೆ ಮಕ್ಕಳಾಗೋದು ಕಷ್ಟ ಅಂತ ಡಾಕ್ಟರು ಆವಾಗಲೇ ಹೇಳಿದ್ರು. ಆಮೇಲೆ ಗಂಟಲು ಒಡೀತು, ಮೀಸೆ ಬಂತು. ಸರಿಹೋಗಿರುತ್ತೆ ಅಂದ್ಕೊಂಡ್ವಿ.”

ಅಕ್ಕ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು: “ಸರದಾರ.” ಆಮೇಲೆ ಅತ್ತೆಯನ್ನು ಕೇಳಿದಳು, “ಹಾಗಾದ್ರೆ ಆ ವರದಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಓರಗಿತ್ತಿ ನೆಲ ನೋಡಿಕೊಂಡು ಹೇಳಿದಳು: “ನಮ್ಮವರು ಹೋಗಿ ಕೊಟ್ಟು ಬಂದಿದ್ರು, ತಮ್ಮನ ಹೆಸರಲ್ಲಿ.”

“ನಿಂಗೂ ಗೊತ್ತಿತ್ತು.” ಅಕ್ಕನ ದನಿ ಮೊದಲ ಸಲ ಒಡೆಯಿತು. ಚುಚ್ಚುಮದ್ದಿನ ದಿನಗಳಲ್ಲಿ ಅವಳ ತಲೆ ಬಾಚುತ್ತಿದ್ದವಳು ಇದೇ ಓರಗಿತ್ತಿ. “ಈ ಮನೇಲಿ ಗೊತ್ತಿಲ್ಲದೋರು ಯಾರಾದ್ರೂ ಇದ್ರಾ, ನನ್ನ ಬಿಟ್ಟು?”

ಅತ್ತೆ ಕೇಳಿದರು, “ಹೇಳಿದ್ರೆ ನೀನು ಇರ್ತಿದ್ಯಾ?”

“ಕೇಳಿ ನೋಡಬೇಕಿತ್ತು.”

“ನೀನು ಬಿಟ್ಟು ಹೋಗ್ತೀಯಾ ಅಂತ ಭಯ ಆಯ್ತು,” ಎಂದ ಅವನು.

“ಗುರುವಾರ ನನ್ನ ಹೊಟ್ಟೆ ಕೊಯ್ಯೋದಕ್ಕೆ ಭಯ ಆಗಲಿಲ್ಲ,” ಎಂದು ಅಕ್ಕ ಕೋಣೆಗೆ ಹೋಗಿ ಬಾಗಿಲ ಹಿಂದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಟ್ಟೆಗಳನ್ನು ಆಮೇಲೆ ನಾನು ಹೋಗಿ ತಂದೆ.

ದರ್ಜಿ ತಂದೆಯ ಎರಡನೇ ಮಹಡಿಯ ಮನೆಯಿಂದಲೇ ಅವಳು ಕೆಲಸಕ್ಕೆ ಬರತೊಡಗಿದಳು. ಗುರುವಾರದ ಆಪರೇಷನ್, ಮಾತ್ರೆ, ಚುಚ್ಚುಮದ್ದು ಎಲ್ಲ ನಿಲ್ಲಿಸಿದಳು. ಮೂರು ತಿಂಗಳಾದ ಮೇಲೆ ಒಂದು ದಿನ ಕಿಟಕಿಯಲ್ಲಿ ಹೇಳಿದಳು: “ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು ದಿನ, ಒಂದು ದಿನವೂ ಆಚೀಚೆ ಇಲ್ಲ. ಪಾಪ, ಅಂಡಾಶಯ ತನ್ನ ಪಾಡಿಗೆ ತಾನು ಸರಿಯಾಗೇ ಕೆಲಸ ಮಾಡ್ತಿತ್ತು ಕಣೇ. ನಾನು ಅದನ್ನೇ ಬೈದೆ.” ಆ ಮಾತು ಕೇಳಿದ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟು ದಿನವೂ ಅವಳ ಊಟದ ಡಬ್ಬಿ ಕಿಟಕಿಯಿಂದ ಬರುತ್ತಲೇ ಇತ್ತು, ನಾನು ತಿನ್ನುತ್ತಲೇ ಇದ್ದೆ.

“ಅಕ್ಕ, ಅದು ವ್ಯಾನಿಂದ ಕದ್ದಿದ್ದಲ್ಲ. ನಾನೇ ಕೊಟ್ಟಿದ್ದು. ಎರಡು ಕಡ್ಡಿ.”

ಅವಳು ಕಣ್ಣನ್ನು ಸೂಕ್ಷ್ಮದರ್ಶಕದಿಂದ ತೆಗೆಯಲಿಲ್ಲ.

“ಯಾತಕ್ಕೆ ಅಂತ ಕೇಳಿದ್ರು?”

“ಹಸುವಿಗೆ ಅಂತ. ನಿಜವಾಗ್ಲೂ ಗೊತ್ತಿರಲಿಲ್ಲ ಅಕ್ಕ.”

“ಕೊಡುವಾಗ ಗೊತ್ತಿರಲಿಲ್ಲ. ಹನಿ ನೋಡಿದಾಗ ಗೊತ್ತಾಯ್ತು. ಅವತ್ತು ಅವರ ಮನೇಲಿ ಗೊತ್ತಿಲ್ಲದೋರು ಯಾರು ಅಂತ ನಾನು ಕೇಳಿದಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ.” ಅವಳು ಗಾಜಿನಪಟ್ಟಿ ತೆಗೆದು ಒರೆಸಿದಳು. “ಹಸುವಿಗೆ ಅಂತ ಕೇಳಿದ್ರೆ ನಿಂಗೆ ಸುಳ್ಳು ಹೇಳಿಲ್ಲ ಬಿಡು. ಒಂಬತ್ತು ವರ್ಷ ಆ ಮನೇಲಿ ಇದ್ದ ಹಸು ನಾನೇ.”

ಕಿಟಕಿ ಈಗಲೂ ಇದೆ. ಅದರಲ್ಲಿ ಮಾದರಿಯ ಟ್ಯೂಬು ಬರುತ್ತದೆ, ಅದರ ಮೇಲೆ ಅವಳ ದುಂಡು ಅಕ್ಷರದಲ್ಲಿ ಹೋರಿಯ ನಂಬರು ಇರುತ್ತದೆ. ಊಟದ ಡಬ್ಬಿ ಬರುವುದಿಲ್ಲ.