ಅತ್ತೆಗೆ ಕೇಳಿಸಿದ ನನ್ನ ತೋಳಿನ ಸದ್ದು

ಮೈಮೇಲೆ ದೇವರು ಬರುವುದು, ಹಲ್ಲಿ ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬುವವರ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು. ಅಂಥವಳು ಇದನ್ನು ಬರೆಯುತ್ತಿದ್ದೇನೆ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ. ನಮ್ಮೂರು ಪುರವರದಿಂದ ಮಧುಗಿರಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೇನೆ. ಅದಕ್ಕೆಂದು ಎಡಗೈಯಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದಾರೆ. ಫಿಸ್ಟುಲಾ ಅನ್ನುತ್ತಾರೆ. ಸೂಜಿ ಚುಚ್ಚುವುದು ಅಲ್ಲೇ. ಮುಟ್ಟಿದರೆ ಒಳಗೆ ಜುಂ ಅನ್ನುತ್ತಿರುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ, ತಕ್ಷಣ ಹೊರಟು ಬನ್ನಿ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದರು. ಬಲಗೈಯಲ್ಲಿ ಮಾಡಿದ್ದು ಮೊದಲೇ ಕೆಟ್ಟಿತ್ತು. ಇದೂ ಹೋದರೆ ಜೀವಕ್ಕೇ ಸಂಚಕಾರ.

ನಮ್ಮತ್ತೆ ಕುರಿ ಕಾಯ್ದು ಬೆಳೆದವರು. ಗಬ್ಬದ ಕುರಿಯ ಹೊಟ್ಟೆಗೆ ಕೆನ್ನೆ ಆನಿಸಿ ಮರಿ ಹೇಗಿದೆ ಎಂದು ಹೇಳುತ್ತಿದ್ದರಂತೆ. ಈಗ ಅವರಿಗೆ ಕಿವಿ ಪೂರ್ತಿ ಹೋಗಿದೆ. ಆದರೂ ದಿನಾ ಬೆಳಿಗ್ಗೆ ನನ್ನ ತೋಳಿಗೆ ಕೆನ್ನೆಯಿಟ್ಟು, "ಐತೆ ಕಣಮ್ಮ, ಚೆಂದಾಗೈತೆ" ಅನ್ನುತ್ತಿದ್ದರು. ನೆಂಟರಿದ್ದರೆ ಅವರ ಮುಂದೆಯೂ ಬಿಡುತ್ತಿರಲಿಲ್ಲ. ಉಬ್ಬಿ ತಿರುಚಿಕೊಂಡ ಆ ತೋಳನ್ನು ಎಲ್ಲರೂ ನೋಡುವಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಮನಸ್ಸಿನಲ್ಲೇ ಅತ್ತೆಯನ್ನು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಿದ್ದೆ.

ಸಿರಾದಲ್ಲಿ ಅಣ್ಣನ ಮಗಳ ಮದುವೆ. ತೋಳು ಯಾರಿಗೂ ಕಾಣಬಾರದೆಂದು ಮಣಿಕಟ್ಟಿನವರೆಗೂ ಬಿಗಿಯಾದ ಬ್ಲೌಸ್ ಹೊಲಿಸಿದೆ. ಆ ಕೈಗೆ ಬಿಗಿ ಬಟ್ಟೆ ಕೂಡದು ಎಂದು ಗೊತ್ತಿತ್ತು. ಅರ್ಧ ದಿನಕ್ಕೆ ಏನಾಗುತ್ತದೆ ಅಂದುಕೊಂಡೆ. ಅತ್ತೆಯನ್ನು ಊರಲ್ಲೇ ಬಿಟ್ಟು ನಾನೂ ನಮ್ಮ ಮನೆಯವರೂ ಹೋದೆವು.

ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಪಕ್ಕದ ಮನೆ ಗಂಗಮ್ಮನ ಫೋನು. "ನಿಮ್ಮತ್ತೆ ಒಂದೇ ಸಮ ಹಟ ಮಾಡ್ತವ್ರೆ, ಏನೋ ಹೇಳ್ಬೇಕಂತೆ, ಕೇಳ್ಸ್ಕಳಮ್ಮ."

ಆಮೇಲೆ ಅತ್ತೆಯ ಗಟ್ಟಿ ದನಿ. "ನಿನ್ ಕೈ ಸದ್ದು ನಿಂತೋಯ್ತು ಕಣಮ್ಮ. ಬ್ಯಾಗ ನೋಡ್ಕೊ. ಅಂಗೇ ಬುಟ್ಬುಡ್ಬ್ಯಾಡ."

ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಫೋನು ಬಂದ್ ಮಾಡಿ, ತಲೆ ತಗ್ಗಿಸಿ, ಎಲೆ ಬಿಟ್ಟೆದ್ದು ವಧುವಿನ ಕೋಣೆಗೆ ಹೋದೆ. ಸಿಟ್ಟಿನಲ್ಲೇ ಬ್ಲೌಸಿನ ತೋಳಿನ ಹೊಲಿಗೆ ಕಿತ್ತು ಬೆರಳಿಟ್ಟೆ. ಜುಂ ಇರಲಿಲ್ಲ. ಕಿವಿಯಿಟ್ಟೆ, ಅಲ್ಲೂ ಏನಿಲ್ಲ. ನಾಳ ಹಗ್ಗದ ಹಾಗೆ ಗಟ್ಟಿಯಾಗಿತ್ತು.

"ಬಾರೇ, ಬಿಸಿ ಎಣ್ಣೆ ಹಚ್ಚಿ ನೀವ್ತೀನಿ" ಎಂದು ಕೋಣೆಯಲ್ಲಿದ್ದ ದೊಡ್ಡಮ್ಮ ಪಕ್ಕದಲ್ಲಿ ಕೂತರು. ನೀವಬಾರದು ಎಂದು ಸಿಸ್ಟರ್ ಹೇಳಿದ್ದು ನೆನಪಿತ್ತು, ಬೇಡವೆಂದೆ. ಸಿಸ್ಟರಿಗೇ ಫೋನು ಮಾಡಿದಾಗ ನೇರವಾಗಿ ತುಮಕೂರಿಗೆ ಹೋಗಿ ಅಂದರು. ಅಲ್ಲಿ ಸ್ಕ್ಯಾನ್ ಮಾಡಿ, ಸಣ್ಣ ನಳಿಕೆ ತೂರಿಸಿ ಹೆಪ್ಪು ತೆಗೆದರು. ನಾಳ ಕಿರಿದಾದ ಕಡೆ ಬಲೂನು ಉಬ್ಬಿಸಿ ಅಗಲ ಮಾಡಿದರು.

"ಹೆಪ್ಪು ಹೊಸದು, ಬೇಗ ಬಂದಿದ್ದು ಒಳ್ಳೇದಾಯ್ತು. ಹೇಗೆ ಗೊತ್ತಾಯ್ತು?" ಎಂದರು ಡಾಕ್ಟರು.

"ಮುಟ್ಟಿ ನೋಡ್ಕೊಂಡೆ" ಅಂದೆ. ನಿಜ ಹೇಳಲು ನಾಲಿಗೆ ಏಳಲಿಲ್ಲ.

ಹೊರಗೆ ಬಂದರೆ ನಮ್ಮ ಮನೆಯವರು ಫೋನು ಹಿಡಿದು ಬೆಪ್ಪಾಗಿ ನಿಂತಿದ್ದರು. ಒಳಗೆ ಏನಾಯಿತೆಂದು ಅವರಿಗೇ ಇನ್ನೂ ಯಾರೂ ಹೇಳಿರಲಿಲ್ಲ. ಆಗಲೇ ಗಂಗಮ್ಮ ಫೋನು ಮಾಡಿದ್ದಳು. "ನಿಮ್ಮವ್ವ 'ಬಂತು, ಬಂತು' ಅಂತವ್ರೆ. ಏನಣ್ಣ ಬಂದಿದ್ದು?"

ಒಂದು ಸಲವಾದರೆ ಕಾಕತಾಳೀಯ ಎಂದು ತಳ್ಳಿಹಾಕುತ್ತಿದ್ದೆ. ಎರಡು ಸಲ? ಊರಿಗೆ ಬಂದ ಮೇಲೆ ಸನ್ನೆ ಮಾಡಿ ಅತ್ತೆಯನ್ನೇ ಕೇಳಿದೆ. "ನಂಗೇನ್ ಗೊತ್ತಮ್ಮ. ಕೆನ್ನೇಲಿ ಬತ್ತಾ ಇತ್ತು, ನಿಂತೋಯ್ತು, ತಿರ್ಗಾ ಬಂತು" ಎಂದು ಅವರೆಕಾಯಿ ಸುಲಿಯುವುದಕ್ಕೆ ಕೂತರು.

ಆಗಿನಿಂದ ಅವರ ಮುಖ ನೋಡಲು ನನಗೆ ಕಷ್ಟ. ಬಟ್ಟೆಯೊಳಗೆ ಬಿಗಿದು ಮುಚ್ಚಿಟ್ಟದ್ದು ಸಿರಾದಿಂದ ಪುರವರಕ್ಕೆ ಕೇಳಿಸಿತಲ್ಲ. ಹಾಗಿದ್ದರೆ ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದು? ಕೇಳಲು ಧೈರ್ಯವಿಲ್ಲ.

ಈಗ ಗಿಡ್ಡ ತೋಳಿನ ಬ್ಲೌಸನ್ನೇ ಹಾಕುತ್ತೇನೆ. ಬೆಳಿಗ್ಗೆ ಎದ್ದು, ಇನ್ನೂ ಹಾಸಿಗೆಯಲ್ಲೇ ಕೂತು, ತೋಳಿಗೆ ಬೆರಳಿಡಲು ಹೋಗುತ್ತೇನೆ. ಅಷ್ಟರಲ್ಲಿ ಹೊರಗಿನ ಜಗುಲಿಯಿಂದ ದನಿ ಬರುತ್ತದೆ: "ಐತೆ ಕಣಮ್ಮ."